ಊರಿನ ಜಗಲಿ

ಮನೆಯಿಂದಾಚೆ ನಾಲ್ಕು ಜನ ಸೇರುವ ಜಾಗವೊಂದಿದ್ದರೇನೇ ಊರಿಗೆ ಜೀವ. ಇಂಗ್ಲೆಂಡಿನ ಸಣ್ಣ ಹಳ್ಳಿಗಳಲ್ಲಿ ಚರ್ಚು, ಅಂಗಡಿ, ಅಂಚೆಮನೆ, ಪಬ್‌ಗಳೇ ಇಂಥ ಜಗಲಿ. ಜನ ದೂರದ ಸೂಪರ್ ಮಾರ್ಕೆಟ್‌ಗಳತ್ತ ಹೊರಳಿದಂತೆ ಎಷ್ಟೋ ಕಡೆ ಅವು ಬಾಗಿಲು ಮುಚ್ಚಿದವು. ಕಂಬ್ರಿಯಾದ ಹೆಸ್ಕೆಟ್ ನ್ಯೂಮಾರ್ಕೆಟ್ ಹಳ್ಳಿಯವರು ಕೈಕಟ್ಟಿ ಕೂರಲಿಲ್ಲ. 2003ರಲ್ಲಿ ಸಹಕಾರಿ ಸಂಘ ಕಟ್ಟಿ, ತಮ್ಮೂರಿನ ‘ಓಲ್ಡ್ ಕ್ರೌನ್’ ಪಬ್ಬನ್ನು ತಾವೇ ಕೊಂಡರು. 2011ರ ಲೋಕಲಿಸಂ ಕಾಯ್ದೆ ಇಂಥ ಪ್ರಯತ್ನಕ್ಕೆ ಬಲ ಕೊಟ್ಟಿತು: ಸಮುದಾಯದ ಆಸ್ತಿಯೆಂದು ಪಟ್ಟಿಗೆ ಸೇರಿದ ಕಟ್ಟಡ ಮಾರಾಟಕ್ಕೆ ಬಂದರೆ, ಹಣ ಹೊಂದಿಸಲು ಊರವರಿಗೆ ಆರು ತಿಂಗಳವರೆಗೆ ಕಾಲಾವಕಾಶ ಸಿಗುವಂತಾಯಿತು.

ಬರಿಯ ಅಭಿಮಾನದಿಂದ ವ್ಯಾಪಾರ ಎಷ್ಟು ದಿನ ನಡೆದೀತು ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಕಾಯ್ದೆ ಕೊಡುವುದು ಅವಕಾಶವನ್ನಷ್ಟೇ. ಹಣವನ್ನೂ ದುಡಿಮೆಯನ್ನೂ ಊರೇ ಹಾಕಬೇಕು. ಆದರೆ ಲೆಕ್ಕದ ಪುಸ್ತಕದಲ್ಲಿ ಕಾಣದ ಗಳಿಕೆಯೂ ಒಂದುಂಟು. ದಿನವೂ ಹಾಲಿಗೆ ಬರುವ ಅಜ್ಜಿ ಒಂದು ದಿನ ಬಾರದಿದ್ದರೆ ಊರ ಅಂಗಡಿಯವರು ವಿಚಾರಿಸುತ್ತಾರೆ. ಬಾಗಿಲಲ್ಲಿಟ್ಟು ಹೋಗುವ ಪಾರ್ಸೆಲ್ಲಿಗೆ ಆ ಕಾಳಜಿ ಇಲ್ಲ. ನೆರೆಹೊರೆ ಉಳಿಯುವುದು ಇಂಥ ವಿಚಾರಣೆಯಿಂದ. ನಿಮ್ಮೂರಿನಲ್ಲೂ ಅಂಥದೊಂದು ಕಟ್ಟೆಯೋ ಅಂಗಡಿಯೋ ಇದ್ದೀತು. ಇಂದು ಅಲ್ಲಿಗೊಮ್ಮೆ ಹೋಗಿ, ನಾಲ್ಕು ಮಾತಾಡಿ ಬನ್ನಿ.