ಬಾಗಿಲಿಗೆ ಅಂಟಿಸಿದ ಸಮನ್ಸ್: ತೆರವಿನ ಡಿಕ್ರಿಯ ನಂತರ ಬಾಡಿಗೆದಾರನಿಗೆ ಉಳಿಯುವ ದಾರಿ



ಮುಂಬಯಿಯ ಗಿರಣಗಾವಿನ ಹಳೆಯ ಚಾಳುಗಳಲ್ಲಿ ಪಗಡಿಯ ಖೋಲಿ ಹಿಡಿದು ಎರಡು ಮೂರು ತಲೆಮಾರು ಕಳೆದ ಕನ್ನಡ ಕುಟುಂಬಗಳು ಇಂದಿಗೂ ಇವೆ. ಮಕ್ಕಳ ಬೇಸಿಗೆ ರಜೆಯಲ್ಲಿ ಖೋಲಿಗೆ ಬೀಗ ಹಾಕಿ ಊರಿಗೆ ಹೋಗುವುದು ಇಂತಹ ಮನೆಗಳ ವಾಡಿಕೆ. ಕೋರ್ಟಿನ ಬೇಲಿಫ್ ಆ ದಿನಗಳಲ್ಲೇ ಬಂದನೆಂದರೆ, ಸಮನ್ಸಿನ ಪ್ರತಿಯನ್ನು ಬಾಗಿಲಿಗೆ ಅಂಟಿಸಿ ವರದಿ ಬರೆದು ಹೋಗುತ್ತಾನೆ. ಕಾಗದ ಗಾಳಿಗೆ ಹಾರಿಹೋಗುತ್ತದೆ. ವರದಿ ಕಡತದಲ್ಲಿ ಉಳಿಯುತ್ತದೆ. ಪ್ರತಿವಾದಿ ಹಾಜರಾಗಲಿಲ್ಲವೆಂದು ಏಕಪಕ್ಷೀಯ ಡಿಕ್ರಿ ಆಗುತ್ತದೆ. ಬಾಡಿಗೆದಾರನಿಗೆ ವಿಷಯ ತಿಳಿಯುವುದು ಸ್ವಾಧೀನದ ವಾರಂಟ್ ಬಾಗಿಲಿಗೆ ಬಂದಾಗ.

ಇಷ್ಟಾದ ಮೇಲೂ ಡಿಕ್ರಿ ನೀಡಿದ ನ್ಯಾಯಾಲಯದ ಬಾಗಿಲು ಮುಚ್ಚಿರುವುದಿಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 9ನೆಯ ಆದೇಶದ 13ನೆಯ ನಿಯಮದಂತೆ, ಏಕಪಕ್ಷೀಯ ಡಿಕ್ರಿಯನ್ನು ರದ್ದುಪಡಿಸಿ ದಾವೆಯನ್ನು ಮರಳಿ ವಿಚಾರಣೆಗೆ ತೆಗೆದುಕೊಳ್ಳಬೇಕೆಂದು ಅದೇ ನ್ಯಾಯಾಲಯವನ್ನು ಕೇಳಬಹುದು. ಆಧಾರಗಳು ಎರಡೇ: ಸಮನ್ಸ್ ಕ್ರಮಬದ್ಧವಾಗಿ ಜಾರಿಯಾಗಲಿಲ್ಲ, ಅಥವಾ ಹಾಜರಾಗದಿರಲು ಸಾಕಷ್ಟು ಕಾರಣವಿತ್ತು. ಮನೆಯೊಡೆಯ ಕೆಟ್ಟವನೆಂಬುದಾಗಲಿ, ಬಾಡಿಗೆದಾರ ಬಡವನೆಂಬುದಾಗಲಿ ಇಲ್ಲಿ ಆಧಾರವಲ್ಲ. ಜಾರಿಯಲ್ಲಿ ಕೇವಲ ಸಣ್ಣ ಲೋಪವಿದ್ದು, ವಿಚಾರಣೆಯ ದಿನಾಂಕ ಬಾಡಿಗೆದಾರನಿಗೆ ಸಕಾಲದಲ್ಲಿ ತಿಳಿದಿತ್ತೆಂದು ಕಂಡುಬಂದರೆ ಅರ್ಜಿ ನಿಲ್ಲದು.

ಅರ್ಜಿಗೆ 30 ದಿನಗಳ ಅವಧಿ. 1963ರ ಕಾಲಮಿತಿ ಅಧಿನಿಯಮದಂತೆ ಡಿಕ್ರಿಯ ದಿನದಿಂದ ಎಣಿಕೆ. ಸಮನ್ಸ್ ಕ್ರಮವಾಗಿ ಜಾರಿಯಾಗಿರದಿದ್ದರೆ ಡಿಕ್ರಿಯ ವಿಷಯ ತಿಳಿದ ದಿನದಿಂದ. ಆದಕಾರಣ ತಿಳಿದದ್ದು ಯಾವ ದಿನ, ಯಾರಿಂದ, ಯಾವ ಕಾಗದದ ಮೂಲಕ ಎಂಬುದನ್ನು ಪ್ರಮಾಣಪತ್ರದಲ್ಲಿ ನಿಖರವಾಗಿ ಬರೆಯಬೇಕು. ‘ಇತ್ತೀಚೆಗೆ ತಿಳಿಯಿತು’ ಎಂಬ ಮಾತಿಗೆ ಬೆಲೆಯಿಲ್ಲ. ಅವಧಿ ಮೀರಿದ್ದರೆ ಅದೇ ಅಧಿನಿಯಮದ 5ನೆಯ ಕಲಮಿನಡಿ ವಿಳಂಬ ಮನ್ನಾ ಮಾಡುವಂತೆ ಕೋರಿ ಕಾರಣ ವಿವರಿಸಬೇಕು. ಎಲ್ಲಕ್ಕಿಂತ ಮೊದಲು ವಕೀಲರ ಮೂಲಕ ಕಡತ ತೆಗೆಸಿ ಬೇಲಿಫನ ವರದಿಯನ್ನು ಓದಬೇಕು. ಅಂಟಿಸಿದ್ದು ಯಾವ ದಿನ, ಯಾವ ಖೋಲಿಯ ಬಾಗಿಲಿಗೆ, ಗುರುತಿಸಿದವರು ಯಾರು? ಆ ದಿನ ಕುಟುಂಬ ಊರಲ್ಲಿತ್ತೆಂದು ತೋರಿಸುವ ರೈಲು ಟಿಕೆಟ್ ಇದ್ದರೆ, ಅದು ಹತ್ತು ಪುಟದ ವಾದಕ್ಕಿಂತ ಮೇಲು.

ಬಹಳ ಮಂದಿ ಎಡವುವ ಒಂದು ಜಾಗವಿದೆ. ಅರ್ಜಿ ಸಲ್ಲಿಸಿದ ಮಾತ್ರಕ್ಕೆ ಡಿಕ್ರಿಯ ಅಮಲ್ಜಾರಿ ನಿಲ್ಲುವುದಿಲ್ಲ. ತಡೆಯಾಜ್ಞೆಯನ್ನು ಪ್ರತ್ಯೇಕವಾಗಿ, ಕೂಡಲೇ ಕೇಳಬೇಕು. ಅರ್ಜಿಯ ಅಂಕಿತಸಂಖ್ಯೆ ಹಿಡಿದು ಮನೆಯಲ್ಲಿ ನೆಮ್ಮದಿಯಿಂದ ಕುಳಿತವರ ಸಾಮಾನು ಅಂಗಳಕ್ಕೆ ಬಂದೀತು. ಡಿಕ್ರಿ ರದ್ದುಪಡಿಸುವಾಗಲೂ ನ್ಯಾಯಾಲಯವು ಖರ್ಚು ಕಟ್ಟುವ ಅಥವಾ ಹಣ ಠೇವಣಿ ಇಡುವ ಷರತ್ತು ವಿಧಿಸಬಹುದು.

ಇನ್ನು ಲೆಕ್ಕದ ವಿಷಯ. ಬಾಡಿಗೆ ಬಾಕಿಯ ದಾವೆಯಲ್ಲಿ, 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಅಧಿನಿಯಮದ 15ನೆಯ ಕಲಮು ಬಾಡಿಗೆದಾರನಿಗೆ ದೊಡ್ಡ ರಕ್ಷಣೆ ಕೊಟ್ಟಿದೆ. ಸಮನ್ಸ್ ಜಾರಿಯಾದ 90 ದಿನಗಳೊಳಗೆ ಬಾಕಿಯನ್ನು ವಾರ್ಷಿಕ ಶೇಕಡಾ 15ರ ಸರಳ ಬಡ್ಡಿ ಸಹಿತ ಕಟ್ಟಿ, ದಾವೆ ಮುಗಿಯುವ ತನಕ ಬಾಡಿಗೆಯನ್ನೂ, ದಾವೆಯ ಖರ್ಚನ್ನೂ ಸಲ್ಲಿಸಿದರೆ ಬಾಕಿಯ ಕಾರಣಕ್ಕೆ ತೆರವಿನ ಡಿಕ್ರಿ ಆಗಲಾರದು. ತಿಂಗಳಿಗೆ 400 ರೂಪಾಯಿ ಬಾಡಿಗೆ, 36 ತಿಂಗಳ ಬಾಕಿ ಎಂದಿಟ್ಟುಕೊಳ್ಳಿ. ಅಸಲು 14,400. ಪ್ರತಿ 400ಕ್ಕೆ ತಿಂಗಳಿಗೆ 5 ರೂಪಾಯಿಯಂತೆ ಬಡ್ಡಿ 3,330. ಒಟ್ಟು 17,730 ರೂಪಾಯಿ. ಇಷ್ಟು ಮೊತ್ತಕ್ಕಾಗಿ ತಲೆಮಾರುಗಳ ಸೂರು ಕೈತಪ್ಪುವುದುಂಟು! ಸಮನ್ಸ್ ಜಾರಿಯೇ ಆಗಿರದಿದ್ದರೆ ಆ 90 ದಿನಗಳು ಆರಂಭವಾಗಿಲ್ಲವೆಂದು ವಾದಿಸಲು ಅವಕಾಶವುಂಟು. ಅರ್ಜಿಯೊಡನೆ ಪೂರ್ತಿ ಬಾಕಿ ಠೇವಣಿ ಇಡುವ ಸಿದ್ಧತೆ ತೋರಿಸಿದವನ ಮಾತಿಗೆ ತೂಕ ಹೆಚ್ಚು. ರಸೀದಿಯಿಲ್ಲದೆ ಬಾಡಿಗೆ ಕೊಡುವ ಹಳೆಯ ಚಾಳಿಯನ್ನಂತೂ ಇಂದೇ ಬಿಡಬೇಕು.

ಹಾಜರಾಗಿ ವಾದಿಸಿ ಸೋತವನಿಗೆ 13ನೆಯ ನಿಯಮ ಒದಗದು. ಅವನ ದಾರಿ ಮೇಲ್ಮನವಿ. ಮುಂಬಯಿಯಲ್ಲಿ ಅದು ಸ್ಮಾಲ್ ಕಾಸಸ್ ಕೋರ್ಟಿನ ಇಬ್ಬರು ನ್ಯಾಯಾಧೀಶರ ಪೀಠದ ಮುಂದೆ, 30 ದಿನಗಳೊಳಗೆ. ಡಿಕ್ರಿ ಕೊಟ್ಟವರು ಆ ಪೀಠದಲ್ಲಿರುವಂತಿಲ್ಲ. 47ನೆಯ ಆದೇಶದ ಪುನರವಲೋಕನ ಅರ್ಜಿಯನ್ನು ಜನರು ಎರಡನೆಯ ಮೇಲ್ಮನವಿಯೆಂದು ತಿಳಿಯುತ್ತಾರೆ, ಅದು ಹಾಗಲ್ಲ. ತೀರ್ಪಿನ ಮೇಲ್ನೋಟಕ್ಕೇ ಕಾಣುವ ತಪ್ಪು, ಅಥವಾ ಎಷ್ಟು ಶ್ರಮಿಸಿದರೂ ಆಗ ಸಿಗದಿದ್ದ ಸಾಕ್ಷ್ಯ ಮುಂತಾದ ಕಾರಣಗಳಿಗಷ್ಟೇ ಅದು. ಏಕಪಕ್ಷೀಯ ಡಿಕ್ರಿಯ ಮೇಲೆ ಹೂಡಿದ ಮೇಲ್ಮನವಿ ವಜಾ ಆದರೆ 13ನೆಯ ನಿಯಮದ ಅರ್ಜಿಗೂ ಎಡೆಯಿಲ್ಲ. ಆದ್ದರಿಂದ ಯಾವುದು ಮೊದಲೆಂಬುದನ್ನು ವಕೀಲರೊಡನೆ ಕುಳಿತು ನಿರ್ಧರಿಸಬೇಕು.

ಖೋಲಿ ಕೈಬಿಟ್ಟ ಮೇಲೂ ಒಂದು ಅವಕಾಶ ಉಳಿದಿರುತ್ತದೆ. ಇದನ್ನು ಬಲ್ಲವರು ವಿರಳ. ಸ್ವಂತ ವಾಸಕ್ಕೆ ಬೇಕೆಂದು ಡಿಕ್ರಿ ಪಡೆದ ಮನೆಯೊಡೆಯ, ಸ್ವಾಧೀನ ಪಡೆದ ಒಂದು ತಿಂಗಳೊಳಗೆ ಅಲ್ಲಿ ವಾಸಿಸದಿದ್ದರೆ, ಅಥವಾ ಒಂದು ವರ್ಷದೊಳಗೆ ಬೇರೆಯವರಿಗೆ ಬಾಡಿಗೆಗೆ ಕೊಟ್ಟರೆ, ಹಿಂದಿನ ಬಾಡಿಗೆದಾರ 17ನೆಯ ಕಲಮಿನಡಿ ಮರಳಿ ಪ್ರವೇಶ ಕೋರಬಹುದು. ಸ್ವಾಧೀನ ಹೋದ ದಿನದಿಂದ 13 ತಿಂಗಳೊಳಗೆ ಅರ್ಜಿ ಕೊಡಬೇಕು. ನೆರೆಹೊರೆಯವರೊಡನೆ ಸಂಪರ್ಕ ಇಟ್ಟುಕೊಂಡವನಿಗಷ್ಟೇ, ಆ ಖೋಲಿಯಲ್ಲಿ ಈಗ ದೀಪ ಹಚ್ಚುವವರು ಯಾರೆಂಬುದು ಸಕಾಲದಲ್ಲಿ ತಿಳಿದೀತು.