ಕೆರೆಗಿಂತ ಮೊದಲು ಕಾಲುವೆ



ನಂದಿಬೆಟ್ಟದ ಸಾಲಿಗೆ ಬಿದ್ದ ಮಳೆ ಒಂದೇ ಕಡೆ ಹೋಗುವುದಿಲ್ಲ. ಒಂದು ಪಾಲು ಅರ್ಕಾವತಿಯಾಗಿ ಕಾವೇರಿಯನ್ನು ಸೇರುತ್ತದೆ. ಇನ್ನೊಂದು ಪಾಲು ಉತ್ತರ ಪಿನಾಕಿನಿಯಾಗಿ ಗೌರಿಬಿದನೂರಿನ ಪಕ್ಕ ಹಾದು ಆಂಧ್ರಕ್ಕಿಳಿಯುತ್ತದೆ. ದಕ್ಷಿಣ ಪಿನಾಕಿನಿ, ಚಿತ್ರಾವತಿ ಕೂಡ ಈ ಆಸುಪಾಸಿನವೇ. ಇಷ್ಟು ನದಿಗಳ ತವರಾದರೂ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ಅದಕ್ಕೇ ಇಲ್ಲಿನ ಹಿರಿಯರು ಹೊಳೆಯನ್ನು ನೆಚ್ಚಿ ಕೂರಲಿಲ್ಲ, ಕೆರೆ ಕಟ್ಟಿದರು. ಎಷ್ಟು ಕಟ್ಟಿದರೆಂದರೆ, ಮೈಸೂರು ಸಂಸ್ಥಾನದಲ್ಲಿ ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟ ಎಂದು ಮುಖ್ಯ ಎಂಜಿನಿಯರ್ ಸ್ಯಾಂಕಿ 1866ರಲ್ಲೇ ಬರೆದಿದ್ದರು.

ಈ ಕೆರೆಗಳು ಒಂಟಿ ಕೆರೆಗಳಲ್ಲ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ರಾಜಕಾಲುವೆ ಹಿಡಿದು ಕೆಳಗಿನ ಕೆರೆಗೆ ಹೋಗಬೇಕು, ಅಲ್ಲಿಂದ ಅದರ ಕೆಳಗಿನದಕ್ಕೆ. ತೂಬು ಎತ್ತಲು ನೀರಗಂಟಿ ಇದ್ದ. ಬೇಸಿಗೆಯಲ್ಲಿ ರೈತರು ಗಾಡಿಗಟ್ಟಲೆ ಹೂಳು ಹೊಡೆದು ಹೊಲಕ್ಕೆ ಹಾಕುತ್ತಿದ್ದರು. ಹೊಲಕ್ಕೆ ಗೊಬ್ಬರವಾಯಿತು, ಕೆರೆಗೆ ಆಳವಾಯಿತು. ಕೊಳವೆಬಾವಿ ಬಂದ ಮೇಲೆ ಕೆರೆಯ ಕಡೆ ತಿರುಗಿ ನೋಡುವ ಅಗತ್ಯ ಯಾರಿಗೂ ಉಳಿಯಲಿಲ್ಲ. ಕೊಳವೆಬಾವಿ ಸಾವಿರ ಅಡಿ ದಾಟಿದಾಗ ಮತ್ತೆ ನೆನಪಾಯಿತು.

ಈಗ ಊರೂರಲ್ಲಿ ಕೆರೆ ಉಳಿಸುವ ಗುಂಪುಗಳು ಹುಟ್ಟುತ್ತಿವೆ. ಸಂತೋಷ. ಆದರೆ ಸಾಮಾನ್ಯವಾಗಿ ಕೆಲಸ ಶುರುವಾಗುವುದು ಏರಿಯ ಮೇಲೆ: ಪ್ಲಾಸ್ಟಿಕ್ ಆಯುವುದು, ಸಸಿ ನೆಡುವುದು, ಫೋಟೊ ತೆಗೆಯುವುದು. ಅದು ಬೇಡ ಎನ್ನುತ್ತಿಲ್ಲ. ಆದರೆ ನೀರು ಒಳಗೆ ಬರುವ ದಾರಿ ನೋಡದೆ ಏರಿ ಗುಡಿಸಿದರೆ ಆ ಕಸ ಮುಂದಿನ ಮಳೆಗೆ ಮತ್ತೆ ಬಂದು ಕೂರುತ್ತದೆ. ಪಟ್ಟಣದೊಳಗೆ ರಾಜಕಾಲುವೆ ಎಂದರೆ ಈಗ ಚರಂಡಿ. ಕೆಲವೆಡೆ ಅದೂ ಇಲ್ಲ, ಮನೆಯ ಅಡಿಪಾಯ ಇದೆ. 2021ರ ನವೆಂಬರ್ ಮಳೆಗೆ ಜಿಲ್ಲೆಯ ಕೆರೆಗಳು ಕೋಡಿ ಹರಿದವು, ಉತ್ತರ ಪಿನಾಕಿನಿ ತುಂಬಿ ಹರಿಯಿತು, ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿತು. ಎಷ್ಟೋ ವರ್ಷ ಒಣಗಿದ್ದ ಕಾಲುವೆ ಯಾವ ದಾರಿಯದು ಎಂಬುದು ಆಗ ಎಲ್ಲರಿಗೂ ಗೊತ್ತಾಯಿತು.

ಶಿಡ್ಲಘಟ್ಟದಲ್ಲಿ ಕಾಲುವೆ ಚರಂಡಿಯಾದದ್ದಕ್ಕೆ ಇನ್ನೊಂದು ಮುಖವಿದೆ. ರೇಷ್ಮೆಗೂಡು ಬೇಯಿಸಿದ ನೀರಿನಲ್ಲಿ ಸೆರಿಸಿನ್ ಎಂಬ ಅಂಟು ಕರಗಿರುತ್ತದೆ. ವಿಷವಲ್ಲ, ಪ್ರೋಟೀನು. ಆದರೆ ಅದು ಸಂಸ್ಕರಣೆಯಾಗದೆ ಚರಂಡಿ ಸೇರಿ ಕೆರೆಗೆ ಇಳಿದರೆ, ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನೆಲ್ಲ ಹೀರಿಬಿಡುತ್ತವೆ. ಮೀನಿಗೆ ಉಸಿರಿಲ್ಲ.

ಜಿಲ್ಲೆಯ ಕೆರೆಗಳಿಗೆ ಈಗ ಮಳೆಯಲ್ಲದ ನೀರೂ ಬರುತ್ತಿದೆ. ಹೆಬ್ಬಾಳ–ನಾಗವಾರ ಕಣಿವೆ ಯೋಜನೆ ಬೆಂಗಳೂರಿನ ಕೊಳಚೆ ನೀರನ್ನು ಎರಡನೆಯ ಹಂತದವರೆಗೆ ಸಂಸ್ಕರಿಸಿ ಈ ಕಡೆ ಹರಿಸುವ ಯೋಜನೆ. ಗುರಿ ದಿನಕ್ಕೆ 21 ಕೋಟಿ ಲೀಟರ್, 65 ಕೆರೆ. ಚಿಕ್ಕಬಳ್ಳಾಪುರದ ಕಂದವಾರ ಕೆರೆಗೆ ಹೀಗೇ ನೀರು ಬಂತು. ಚಿಂತಾಮಣಿ ತಾಲ್ಲೂಕಿನ ಕೆಲವು ಕೆರೆಗಳು ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಗೆ ಸೇರಿದವು. ಮೂರನೆಯ ಹಂತದ ಸಂಸ್ಕರಣೆಯೂ ಬೇಕು ಎಂಬುದು ಇಲ್ಲಿನ ನೀರಾವರಿ ಹೋರಾಟಗಾರರ ಬಹುಕಾಲದ ಬೇಡಿಕೆ; ಅದು ನ್ಯಾಯವಾದದ್ದೇ. ಎರಡನೆಯ ಹಂತ ದಾಟಿದ ನೀರಿನಲ್ಲೂ ಸಾರಜನಕ, ರಂಜಕ ಉಳಿದಿರುತ್ತವೆ. ಅವನ್ನುಂಡು ಅಂತರಗಂಗೆ ಕೆರೆಯ ಮೈ ಮುಚ್ಚುತ್ತದೆ. ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ ಒಂದು ಉಪಾಯವಿದೆ: ಸಂಸ್ಕರಿಸಿದ ನೀರು ನೇರ ಕೆರೆಗೆ ಬೀಳದೆ, ಜೊಂಡು ಬೆಳೆದ ಜೌಗಿನ ಮೂಲಕ ಹಾದು ಬರುತ್ತದೆ. ಸಾರವನ್ನು ಜೊಂಡು ಹೀರಿಕೊಳ್ಳುತ್ತದೆ. ಆ ಕೆರೆಯನ್ನು ಕಾಯುವುದರಲ್ಲಿ ಜಲಪೋಷಣ್ ಎಂಬ ನಾಗರಿಕರ ಟ್ರಸ್ಟಿನ ಪಾಲಿದೆ. ಜೊಂಡನ್ನು ಕಂಡಲ್ಲೆಲ್ಲ ಕಿತ್ತು ಹಾಕುವ ಉತ್ಸಾಹಿಗಳು ಅಲ್ಲಿಗೊಮ್ಮೆ ಹೋಗಿ ಬರಬೇಕು.

ಜೊಂಡು ಹಕ್ಕಿಗಳಿಗೂ ಬೇಕು. ನೀರುಕೋಳಿ ಅಡಗುವುದು ಅದರಲ್ಲೇ. ಗುಳುಮುಳುಕ ತೇಲುವ ಗೂಡು ಕಟ್ಟಿ ಅದನ್ನು ಗಿಡಕ್ಕೆ ಬಿಗಿಯುತ್ತದೆ. ಬಣ್ಣದ ಕೊಕ್ಕರೆಯ ಬೇಟೆ ಇನ್ನೂ ಸೊಗಸು: ಮೊಣಕಾಲುದ್ದದ ನೀರಿನಲ್ಲಿ ನಿಂತು, ಕೊಕ್ಕನ್ನು ಅರೆ ತೆರೆದು ಆ ಕಡೆ ಈ ಕಡೆ ಆಡಿಸುತ್ತದೆ. ಕಣ್ಣಿಗೆ ಕಾಣಬೇಕೆಂದಿಲ್ಲ, ಮೀನು ತಗುಲಿದೊಡನೆ ಕೊಕ್ಕು ಮುಚ್ಚುತ್ತದೆ. ಗಡಿಯಾಚೆ, ಹಿಂದೂಪುರದ ಕಡೆಯ ವೀರಾಪುರದಲ್ಲಿ ಈ ಕೊಕ್ಕರೆಗಳು ಊರೊಳಗಿನ ಮರಗಳಲ್ಲೇ ಮರಿ ಮಾಡುತ್ತವೆ. ಅವು ಮೇವು ಹುಡುಕುವಾಗ ಗೌರಿಬಿದನೂರು ಬೇರೆ ರಾಜ್ಯ ಎಂದು ನೋಡುವುದಿಲ್ಲ. ಟಿಟ್ಟಿಭವೋ ಬರಿ ನೆಲದ ಕಲ್ಲುಗಳ ನಡುವೆ ಮೊಟ್ಟೆಯಿಡುತ್ತದೆ.

ಇವಕ್ಕೆಲ್ಲ ಬೇಕಾದದ್ದು ನಿಧಾನವಾಗಿ ಇಳಿಯುವ, ಆಳವಿಲ್ಲದ ಅಂಚು. ನಮ್ಮ ‘ಕೆರೆ ಅಭಿವೃದ್ಧಿ’ ಮೊದಲು ಕೊಲ್ಲುವುದು ಅದನ್ನೇ. ಯಂತ್ರ ಇಳಿಸಿ ಬೋಗುಣಿಯಂತೆ ಕೊರೆದು, ಸುತ್ತ ಕಲ್ಲು ಕಟ್ಟಿ, ಮೇಲೆ ನಡಿಗೆದಾರಿ ಹಾಕಿದರೆ ನೀರು ನಿಂತೀತು, ಕಾಲೂರಲು ಕೊಕ್ಕರೆಗೆ ಜಾಗವಿರದು. ಹೂಳು ತೆಗೆಯಿರಿ, ಆದರೆ ಏರಿಯ ಕಡೆ ಆಳ ಮಾಡಿ, ನೀರು ಬರುವ ಕಡೆಯ ಅಂಚನ್ನು ಹಾಗೇ ಬಿಡಿ. ಕೆರೆಯಂಗಳದ ಸೀಮೆಜಾಲಿ ತೆಗೆಯಬೇಕಾದದ್ದೇ, ಆದರೆ ಅದರಲ್ಲಿ ಬೆಳ್ಳಕ್ಕಿ ಗೂಡು ಕಟ್ಟಿದ್ದರೆ ಮರಿ ಹಾರುವವರೆಗೆ ಕೊಡಲಿ ಎತ್ತಬೇಡಿ. ಹಳೆಯ ಕರಿಜಾಲಿಯನ್ನಂತೂ ಮುಟ್ಟುವುದೇ ಬೇಡ.

ಹೊಸ ಗುಂಪಿಗೆ ಗುದ್ದಲಿಗಿಂತ ಮೊದಲು ಬೇಕಾದದ್ದು ಗ್ರಾಮನಕಾಶೆ. ಭೂಮಾಪನ ಇಲಾಖೆಯಲ್ಲಿ ಸಿಗುತ್ತದೆ. ಅದನ್ನು ಹಿಡಿದು ಕೆರೆಯಿಂದ ಮೇಲಕ್ಕೆ ಕಾಲುವೆಯುದ್ದಕ್ಕೂ ನಡೆಯಿರಿ, ಎಲ್ಲಿ ಕಟ್ಟಿದೆ, ಎಲ್ಲಿ ಯಾವ ಚರಂಡಿ ಸೇರುತ್ತದೆ ಎಂದು ಗುರುತು ಹಾಕಿ. ಒತ್ತುವರಿ ತೆರವು ನಿಮ್ಮ ಕೆಲಸವಲ್ಲ, ಆದರೆ ಗುರುತು ಹಾಕಿದ ನಕಾಶೆಯೊಂದಿಗೆ ಕೊಟ್ಟ ಅರ್ಜಿಗೆ ಉತ್ತರ ಬರೆಯದೆ ಇರುವುದು ಅಧಿಕಾರಿಗಳಿಗೆ ಸುಲಭವಲ್ಲ. 2014ರ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆಯೂ ಜೊತೆಗಿದೆ.

ಮತ್ತೆ, ಜನವರಿಯಲ್ಲಿ ಬೈನಾಕ್ಯುಲರ್ ತೆಗೆದುಕೊಂಡು ಹೊರಡಿ. 1987ರಿಂದ ಪ್ರತಿ ಜನವರಿ ಏಷ್ಯಾದ ಉದ್ದಗಲಕ್ಕೂ ಸ್ವಯಂಸೇವಕರು ನೀರುಹಕ್ಕಿಗಳನ್ನು ಎಣಿಸುತ್ತಾರೆ. ಚಿಂತಾಮಣಿಯ ಕನ್ನಂಪಲ್ಲಿ ಕೆರೆಯನ್ನೂ ಎಣಿಸಬಹುದು. ಯಾವ ಹಕ್ಕಿ, ಎಷ್ಟು, ಕೆರೆಯ ಯಾವ ಮೂಲೆಯಲ್ಲಿ ಎಂದು ನಾಲ್ಕೈದು ವರ್ಷದ ಪಟ್ಟಿ ಕೈಯಲ್ಲಿದ್ದರೆ, ದಡಕ್ಕೆ ಕಲ್ಲು ಕಟ್ಟುವ ಅಂದಾಜುಪಟ್ಟಿ ನಗರಸಭೆಗೆ ಬಂದ ದಿನ ಅದರ ಪಕ್ಕದಲ್ಲಿ ಇದನ್ನೂ ಇಟ್ಟು ಮಾತಾಡಬಹುದು.