ನಿಂತವರ ಮುಂದೆ ಕುಣಿದವರು

ಮೊನ್ನೆ ಪಕ್ಕದ ಮನೆಯ ಹುಡುಗಿ ತಮ್ಮನಿಗೆ ‘ಸ್ಟ್ಯಾಚ್ಯೂ’ ಅಂದಳು. ಚಪ್ಪಲಿ ಹಾಕಿಕೊಳ್ಳುತ್ತಿದ್ದವನು ಒಂಟಿಕಾಲಲ್ಲೇ ನಿಂತುಬಿಟ್ಟ. ‘ಓವರ್’ ಅನ್ನುವುದು ಬಿಟ್ಟು ಅವಳು ಅವನ ಮೂಗಿನ ಮುಂದೆ ಕೈ ಆಡಿಸತೊಡಗಿದಳು. ನನಗೆ ಚೆನ್ನೈನ ಕಾವಲುಗಾರರೊಬ್ಬರು ನೆನಪಾದರು.

ಶಾಲೆಯಿಂದ ಮದ್ರಾಸು ಪ್ರವಾಸಕ್ಕೆ ಹೋದವರಲ್ಲಿ ಹಲವರು ಅವರನ್ನು ನೋಡಿರುತ್ತೀರಿ. ಈಸ್ಟ್ ಕೋಸ್ಟ್ ರಸ್ತೆಯ ವಿಜಿಪಿ ಗೋಲ್ಡನ್ ಬೀಚ್ ಪಾರ್ಕಿನಲ್ಲಿ ರಾಜಭಟನ ಉಡುಪು, ಪೇಟ, ಹುರಿಮೀಸೆಯ ಒಬ್ಬರು ಅಲುಗದೆ ನಿಲ್ಲುತ್ತಿದ್ದರು. ತಮಿಳರ ಬಾಯಲ್ಲಿ ಅವರು ‘ಸಿಲೈ ಮನಿದನ್’, ಅಂದರೆ ಪ್ರತಿಮೆ ಮನುಷ್ಯ. ಲಂಡನ್ನಿನ ಬಕಿಂಗ್‌ಹ್ಯಾಮ್ ಅರಮನೆಯ ಪಹರೆಯವರನ್ನು ಕಂಡು ಬಂದ ಮಾಲೀಕರಿಗೆ ಹೊಳೆದ ಉಪಾಯವಂತೆ ಅದು. ನಗಿಸಿದವರಿಗೆ ಬಹುಮಾನ ಅಂತಲೂ ಇತ್ತು.

ಬಹುಮಾನ ಒಂದು ನೆಪ, ಅಷ್ಟೇ. ಮನೆಯಲ್ಲಿ ಕೆಮ್ಮಿದರೇ ಮಕ್ಕಳು ಬೆಚ್ಚುವಂಥ ಯಜಮಾನರು ಅಲ್ಲಿ ನಾಲಿಗೆ ಚಾಚುತ್ತಾರೆ. ಹೊಸ ಸೀರೆಯ ಅತ್ತೆಯೊಬ್ಬರು ಸೆರಗು ಸಿಕ್ಕಿಸಿ ಎರಡು ಹೆಜ್ಜೆ ಕುಣಿಯುತ್ತಾರೆ. ಟಿಕೆಟ್ ಕೊಂಡವರೇ ಆಟ ಕಟ್ಟುವುದು. ಸಂಬಳದವರು ನಿಂತು ನೋಡುವುದು. ಇಂಥ ನಾಟಕ ಕಂಪನಿ ಬೇರೆ ಎಲ್ಲಿದೆ?

ಸುಮ್ಮನೆ ನಿಲ್ಲುವುದೇನು ಮಹಾ ಅನ್ನಬೇಡಿ. ಅಲುಗದೆ ನಿಂತರೆ ರಕ್ತ ಕಾಲಿಗಿಳಿದು ಅಲ್ಲೇ ತಂಗುತ್ತದೆ, ಅದನ್ನು ಮೇಲಕ್ಕೆ ತಳ್ಳಬೇಕಾದ ಮೀನಖಂಡಕ್ಕೆ ಕೆಲಸವೇ ಇರುವುದಿಲ್ಲ. ಪರೇಡಿನಲ್ಲಿ ಸಿಪಾಯಿಗಳು ತಲೆ ತಿರುಗಿ ಬೀಳುವುದು ಅದಕ್ಕೇ. ಹೀಗೆ ನಿಂತು ಪಳಗಿದವರು ಬೂಟಿನೊಳಗೆ ಬೆರಳು ಮಡಚಿ ಬಿಡುತ್ತಾ, ಕಾಲನ್ನು ಬಿಗಿದು ಸಡಿಲಿಸುತ್ತಾ ಇರುತ್ತಾರೆ. ನಮ್ಮ ಕಣ್ಣೆಲ್ಲ ಅವರ ರೆಪ್ಪೆಯ ಮೇಲೆ. ಕೆಲಸ ನಡೆಯುವುದು ಪಾದದಲ್ಲಿ.

2020ರ ಕೊರೊನಾ ಕಾಲದಲ್ಲಿ ಆ ಕಾವಲುಗಾರರು ತೀರಿಕೊಂಡರೆಂದು ಸುದ್ದಿ ಹಬ್ಬಿತು. ಸುಳ್ಳುಸುದ್ದಿ. ವರ್ಷಗಟ್ಟಲೆ ತುಟಿ ಬಿಚ್ಚದೆ ಹೆಸರಾದವರು ನಾನು ಬದುಕಿದ್ದೇನೆ ಎಂದು ಬಾಯಿಬಿಟ್ಟು ಹೇಳಬೇಕಾಯಿತು.

ಹೇಗೂ ಬಾಯಿ ಬಿಟ್ಟರಲ್ಲ, ಇನ್ನೊಂದನ್ನೂ ಕೇಳಬಹುದಿತ್ತು. ಬೇರೆ ಯಾರಿಗೂ ತೋರಿಸದ ಮುಖವನ್ನು ಜನ ಅವರಿಗೆ ತೋರಿಸಿ ಹೋಗಿದ್ದಾರೆ, ಅದೂ ಎರಡು ತಲೆಮಾರಿನವರು. ಯಾವ ಸೀಮೆಯವರ ಚೇಷ್ಟೆ ನೆನೆದು ರಾತ್ರಿ ಮನೆಯಲ್ಲಿ ಹೊಟ್ಟೆ ಹಿಡಿದು ನಕ್ಕಿರಿ ಸಾರ್? ನಮ್ಮ ಕಡೆಯವರದು ಒಂದೆರಡಾದರೂ ಇದ್ದೀತು.